ತಂಬಿಗೆ ನುಂಗಿದ ಕುಲಾವಿ

ಸೌಭಾಗ್ಯಳ ಬಳಿ ಕೈಗೆ ಒಗ್ಗಿದ ಕ್ರೋಶಾ ಕಡ್ಡಿ ಇದ್ದದ್ದು ಒಂದೇ. ಆ ಒಂದು ಕಡ್ಡಿಯಿಂದ ಶುರುವಾಗಿ ಮುಗಿಯದೆ ಕೂತ ಕೆಲಸಗಳು ಮಾತ್ರ ಐದು. ಕಡ್ಡಿ ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗುವಾಗ, ಬಿಟ್ಟ ಕೆಲಸದ ಕೊನೆಯ ಕುಣಿಕೆ ಬಿಚ್ಚಿಕೊಳ್ಳದಿರಲೆಂದು ಅವಳು ಅದಕ್ಕೊಂದು ಸೇಫ್ಟಿ ಪಿನ್ನು ಸಿಕ್ಕಿಸಿ ಇಡುತ್ತಿದ್ದಳು. ಹೀಗಾಗಿ ಮಾನ್ವಿಯ ಆ ಎರಡು ಕೋಣೆಯ ಮನೆಯಲ್ಲಿ ಸೆರಗಿಗೆ ಚುಚ್ಚಲು ಒಂದು ಪಿನ್ನು ಬೇಕೆಂದರೂ ಸಿಗುತ್ತಿರಲಿಲ್ಲ. ಅತ್ತೆ ಯಮನಮ್ಮ ಮದುವೆಗೆ ಹೊರಟು ನಿಂತು ಪಿನ್ನು ಕೇಳಿದರೆ, ಯಾವುದರದ್ದು ಕೀಳಲಿ ಎಂದು ಸೌಭಾಗ್ಯ ಮಕ್ಕಳಲ್ಲಿ ಒಬ್ಬರನ್ನು ಉಪವಾಸ ಕೆಡವುವವಳ ಹಾಗೆ ಸಂಕಟಪಡುತ್ತಿದ್ದಳು.

ಬಾಗಿಲ ತೋರಣದಲ್ಲಿ ಏಳು ಗಿಳಿ ಆಗಬೇಕಿತ್ತು. ಆರು ಆಗಿ, ಏಳನೆಯದು ಕುತ್ತಿಗೆಯವರೆಗೆ ಬಂದು ನಿಂತಿತ್ತು. ಟೀವಿಯ ಕವರ್ ಮುಗಿಯುವ ಮೊದಲೇ ಆ ದಪ್ಪ ಟೀವಿ ಹೋಗಿ ಗೋಡೆಗೆ ಅಂಟುವ ತೆಳ್ಳನೆಯದು ಬಂದಿತ್ತು. ಮಗಳು ಜ್ಯೋತಿಯ ಸ್ವೆಟರಿಗೆ ಒಂದೇ ತೋಳು. ಗಂಡ ಹನುಮಂತರಾಯ ಸರ್ಕಾರಿ ಬಸ್ಸಿನ ಕಂಡಕ್ಟರ್. ನಸುಕಿನ ಬಸ್ಸಿಗೆ ಹೋಗುವಾಗ ಕಿವಿಗೆ ಗಾಳಿ ಬಡಿಯುತ್ತದೆಂದು ಅವನಿಗೆ ಶುರುಮಾಡಿದ ಮಫ್ಲರು ಒಂದು ಗೇಣು ಆಗಿತ್ತು. ಅಷ್ಟರಲ್ಲಿ ರಾಯಚೂರು ಜಿಲ್ಲೆಯ ಬಿಸಿಲು ಬಂದು ಕೂತಿತು. ಇವೆಲ್ಲದರ ನಡುವೆ ಟೀಪಾಯಿಯ ಮೇಲೆ ಹಾಸುವ ದುಂಡನೆಯ ಬಟ್ಟೆಯೊಂದು ದಿನಕ್ಕೆ ಎರಡು ಸುತ್ತಿನಂತೆ ಬೆಳೆಯುತ್ತಿತ್ತು.

ಸೌಭಾಗ್ಯ ಸೋಮಾರಿಯಲ್ಲ. ಅನ್ನಕ್ಕೆ ಇಟ್ಟು ಕುಕ್ಕರು ಮೂರು ಸಲ ಕೂಗುವುದರೊಳಗೆ ಗಿಳಿಯ ಒಂದು ರೆಕ್ಕೆ, ನಳ ಬಂದು ಕೊಡ ತುಂಬುವಷ್ಟರಲ್ಲಿ ಮಫ್ಲರಿನ ಒಂದು ಸಾಲು. ಒಂದನ್ನೇ ಹಿಡಿದು ಕೂತರೆ ಉಳಿದವು ಮುಖ ಸಣ್ಣ ಮಾಡಿಕೊಂಡ ಹಾಗೆ ಅವಳಿಗೆ ಅನಿಸುತ್ತಿತ್ತು. ಹಾಗಾಗಿ ಎಲ್ಲದಕ್ಕೂ ಸಮನಾಗಿ ಸ್ವಲ್ಪ ಸ್ವಲ್ಪ.

ಈ ನಡುವೆ ದೇವದುರ್ಗದಲ್ಲಿ ಅವಳ ತಮ್ಮ ವಿನೋದನಿಗೆ ಹೆಣ್ಣುಮಗು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ. ಕಿವಿ ಮುಚ್ಚಿ ಗದ್ದದ ಕೆಳಗೆ ಲಾಡಿ ಕಟ್ಟುವ ಕುಲಾವಿಯನ್ನು ಕೂಸಿನ ತಲೆಗೆ ಇಡುವವಳೂ ಅವಳೇ. ಸುದ್ದಿ ಕೇಳಿದ ಖುಷಿಯಲ್ಲಿ ಸೌಭಾಗ್ಯ ಫೋನಿನಲ್ಲೇ, ಅಂಗಡಿಯದು ತರಬೇಡಿ, ನನ್ನ ಕೈಯಿಂದ ಹಾಕಿದ್ದನ್ನೇ ತರುತ್ತೇನೆ ಎಂದುಬಿಟ್ಟಳು. ಆ ಕಡೆಯಿಂದ ತಮ್ಮನ ಹೆಂಡತಿ ಸವಿತಾ ನಕ್ಕಳು.

"ವೈನಿ, ಯಾವ ಮಗೂಗ? ಇದಕ್ಕೋ, ಇದರ ಮಕ್ಕಳಿಗೋ?"

ನಗುತ್ತಲೇ ಹೇಳಿದ ಮಾತು. ಆದರೂ ಫೋನಿಟ್ಟ ಮೇಲೆ ಸೌಭಾಗ್ಯಳಿಗೆ ಚುರ್ ಎಂದಿತು. ಒಂಬತ್ತು ವರ್ಷದ ಹಿಂದೆ ಜ್ಯೋತಿಗೆಂದು ಶುರುಮಾಡಿದ ಕುಲಾವಿಯೂ ಮುಗಿದಿರಲಿಲ್ಲ. ಕೂಸು ಮೂರು ವಾರ ಮೊದಲೇ ಹುಟ್ಟಿತ್ತು. ತೊಟ್ಟಿಲಿಗೆ ಹಾಕುವ ದಿನ ಪಕ್ಕದ ಮನೆಯವರ ಟೋಪಿ ತಂದು ಇಟ್ಟಿದ್ದರು. ತನ್ನ ಮಗಳ ತಲೆಯ ಮೇಲೆ ಬೇರೆಯವರ ಟೋಪಿ ನೋಡಿದ ಆ ಗಳಿಗೆಯನ್ನು ಸೌಭಾಗ್ಯ ಮರೆತಿರಲಿಲ್ಲ. ಈ ಸಲ ಹಾಗಾಗಬಾರದು ಎಂದುಕೊಂಡಳು.

ಮರುದಿನವೇ ರಾಯಚೂರಿಗೆ ಹೋದಳು. ತೀನ್ ಕಂದೀಲ್ ಹತ್ತಿರದ ಓಣಿಯಲ್ಲಿ ಶಹಜಾದಿ ಬೇಗಂ ಅವರ ಉಲ್ಲನ್ ಅಂಗಡಿ. ಮದುವೆಗೆ ಮುಂಚೆ ಸೌಭಾಗ್ಯಳಿಗೆ ಕಡ್ಡಿ ಹಿಡಿಯಲು ಕಲಿಸಿದವರು ಅವರೇ. ಗುಲಾಬಿ ಬಣ್ಣದ ಎರಡು ಉಂಡೆ ತೆಗೆದು ಕೈಗಿಡುತ್ತ ಕನ್ನಡಕದ ಮೇಲಿಂದ ನೋಡಿದರು.

"ಹಳೇವು ಎಷ್ಟು ಬಾಕಿ ಅದಾವ?"

"ಐದು ಅದಾವ್ರಿ, ಖಾಲಾ."

"ಹೋದ ಸಲ ನಾಕು ಇದ್ವಲ್ಲ ಬೇಟಿ. ಅವೇನು ಮರಿ ಹಾಕಾಕತ್ತಾವೇನು?"

ಸೌಭಾಗ್ಯ ನಾಚಿ ನಕ್ಕಳು. ಬೇಗಂ ಬೆರಳು ಎಣಿಸಿ ಹೇಳಿದರು: "ನೆತ್ತಿಯಿಂದ ಶುರು ಮಾಡು. ಎಂಟು ಸುತ್ತಿನ ತನಕ ನೂಲಿನ ಕಣ್ಣು ಹೆಚ್ಚಿಸ್ತಾ ಹೋಗು. ಒಂಬತ್ತರಿಂದ ಹೆಚ್ಚಿಸಬ್ಯಾಡ, ಸೀದಾ ಇಳಿ. ನಡುನಡುವೆ ಸಣ್ಣ ತಂಬಿಗಿ ಮ್ಯಾಲೆ ಹಾಕಿ ನೋಡು, ತಂಬಿಗಿ ಹೊಟ್ಟಿಗೆ ಸರಿಯಾಗಿ ಕೂತ್ರ ಕೂಸಿನ ತಲಿಗೂ ಕೂಡ್ತದ. ಮತ್ತ ಇದು ಮುಗಿಯೋ ತನಕ ಬ್ಯಾರೇದಕ್ಕ ಕೈ ಹಚ್ಚಬ್ಯಾಡ. ಕಸಂ ಹಾಕು."

"ಹಚ್ಚಂಗಿಲ್ರಿ."

ಆ ಮಾತು ಎರಡು ದಿನ ನಡೆಯಿತು. ಮೂರನೆಯ ದಿನ ಟೀಪಾಯಿಯ ಬಟ್ಟೆ ಕಪಾಟಿನ ಸಂದಿಯಿಂದ ತುದಿ ಹೊರಚಾಚಿ ನೋಡುತ್ತಿತ್ತು. ಪಾಪ, ಎರಡೇ ಸುತ್ತು ಎಂದುಕೊಂಡು ಕೈಗೆತ್ತಿಕೊಂಡಳು. ದುಂಡನೆಯ ಬಟ್ಟೆಗೆ ಪ್ರತಿ ಸುತ್ತಿನಲ್ಲೂ ಕಣ್ಣು ಹೆಚ್ಚಿಸಲೇಬೇಕು, ಇಲ್ಲದಿದ್ದರೆ ಅಂಚು ಮುದುಡಿ ಬಟ್ಟಲಾಗುತ್ತದೆ. ಅಲ್ಲಿಂದ ಕುಲಾವಿಗೆ, ಕುಲಾವಿಯಿಂದ ಮತ್ತೆ ಬಟ್ಟೆಗೆ. ನಡುವೆ ಹಾಲು ಉಕ್ಕಿತು, ಜ್ಯೋತಿಯ ಶಾಲೆಯ ಡಬ್ಬಿ ತುಂಬಬೇಕಾಯಿತು, ಬಿಸಿಲಿಗೆ ಹಾಕಿದ ಶಾವಿಗೆಗೆ ಕಾಗೆ ಬಂತು. ಸಣ್ಣ ತಂಬಿಗೆಯಲ್ಲಿ ದೇವದುರ್ಗಕ್ಕೆ ಒಯ್ಯುವ ತುಪ್ಪ ತುಂಬಿಟ್ಟಿದ್ದರಿಂದ ಅಳತೆಯನ್ನು ಕಣ್ಣಂದಾಜಿಗೇ ಬಿಟ್ಟಳು.

ಶನಿವಾರ ಸಂಜೆ ಕುಲಾವಿ ಮುಗಿಯಿತು. ಲಾಡಿ, ಅಂಚಿನ ಸಣ್ಣ ಹೂವು ಎಲ್ಲವೂ. ಸೌಭಾಗ್ಯ ಕಡ್ಡಿ ಕೆಳಗಿಟ್ಟಳು. ತಾನು ಒಂದನ್ನು ಮುಗಿಸಿದ್ದು ಎಷ್ಟು ವರ್ಷಕ್ಕೆ ಎಂದು ನೆನಪಾಗಲಿಲ್ಲ. ಆಮೇಲೆ ಸವಿತಾಳಿಗೆ ಫೋನು, ವಿನೋದನಿಗೆ ಫೋನು. ಡ್ಯೂಟಿ ಮುಗಿಸಿ ಬಂದ ಗಂಡನಿಗೆ ಬಾಗಿಲಲ್ಲೇ, "ಮುಗೀತು ನೋಡ್ರಿ" ಎಂದಳು.

"ಏನು, ನನ್ನ ಮಫ್ಲರೇನು?" ಎಂದ ಹನುಮಂತರಾಯ, ಹೆಗಲ ಮೇಲಿನ ಟವೆಲಿನಿಂದ ಬೆವರು ಒರೆಸಿಕೊಳ್ಳುತ್ತ.

ಭಾನುವಾರವೇ ತೊಟ್ಟಿಲಿಗೆ ಹಾಕುವ ದಿನ, ಎಂಟರ ಬಸ್ಸಿಗೆ ಹೊರಡಬೇಕು. ಬೆಳಿಗ್ಗೆ ಯಮನಮ್ಮ ತುಪ್ಪವನ್ನು ಮುಚ್ಚಳದ ಡಬ್ಬಿಗೆ ಸುರಿದು ತಂಬಿಗೆ ತೊಳೆದು ಬೋರಲು ಹಾಕಿದ್ದರು. ಅದನ್ನು ನೋಡಿದ ಸೌಭಾಗ್ಯಳಿಗೆ ಅತ್ತೆಗೆ ಒಮ್ಮೆ ತೋರಿಸೋಣ ಎನಿಸಿತು. ಕುಲಾವಿಯನ್ನು ತಂದು ತಂಬಿಗೆಯ ಮೇಲೆ ಇಟ್ಟಳು.

ಕುಲಾವಿ ತಂಬಿಗೆಯ ಮೇಲೆ ಕೂರಲಿಲ್ಲ. ಇಡೀ ತಂಬಿಗೆಯನ್ನು ನುಂಗಿ ನೆಲಕ್ಕೆ ತಾಗಿತು. ಮೇಲೆ ಇನ್ನೂ ನಾಲ್ಕು ಬೆರಳು ಸಡಿಲ.

ಯಮನಮ್ಮ ಬಗ್ಗಿ ಒಂದು ಕಡೆಯಿಂದ ನೋಡಿದರು, ಇನ್ನೊಂದು ಕಡೆಯಿಂದ ನೋಡಿದರು. "ಯವ್ವಾ, ಇದು ಕೂಸಿಗೋ, ನೀರಿನ ಕೊಡಕ್ಕೋ?"

ಸೌಭಾಗ್ಯ ಸುತ್ತು ಎಣಿಸಿದಳು. ಒಂಬತ್ತು, ಹತ್ತು, ಹನ್ನೊಂದು, ಹನ್ನೆರಡು. ನಾಲ್ಕೂ ಸುತ್ತಿನಲ್ಲಿ ಕಣ್ಣು ಹೆಚ್ಚಾಗಿತ್ತು. ಕೈ ಟೀಪಾಯಿಯ ಬಟ್ಟೆ ಬಿಟ್ಟು ಕುಲಾವಿಗೆ ಬಂದಿತ್ತು, ಅದರ ಲೆಕ್ಕ ಬಿಟ್ಟು ಬಂದಿರಲಿಲ್ಲ. ಬಿಚ್ಚಿ ಮತ್ತೆ ಹಾಕಲು ಅರ್ಧ ದಿನ ಬೇಕು; ಹೆಸರಿಡುವ ಹೊತ್ತು ಹನ್ನೊಂದಕ್ಕೆ. ಅವಳು ಅಡುಗೆಮನೆಯ ಹೊಸ್ತಿಲ ಮೇಲೆ ಕೂತುಬಿಟ್ಟಳು. ಕಣ್ಣು ತುಂಬಿ ಬಂತು.

"ಅಳಬ್ಯಾಡ ತಗೋ" ಎಂದರು ಯಮನಮ್ಮ. ತಮ್ಮ ಚೀಲದಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಬಿಳಿ ಟೋಪಿ ತೆಗೆದರು. "ಬುಧವಾರನ ತಂದಿಟ್ಟೀನಿ. ನಿನ್ನ ನಾ ಇವತ್ತು ನೋಡಾಕತ್ತೀನೇನು?"

ಇದರಿಂದ ಸೌಭಾಗ್ಯಳ ಅಳು ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ಅಷ್ಟರಲ್ಲಿ ಜ್ಯೋತಿ ತಲೆಗೆ ಎಣ್ಣೆ ಹಚ್ಚಿಸಿಕೊಳ್ಳಲು ಬಂದವಳು ತಂಬಿಗೆಯ ಮೇಲಿನ ಕುಲಾವಿ ಎತ್ತಿ ತಾನೇ ಹಾಕಿಕೊಂಡಳು. ಲಾಡಿ ಕಟ್ಟಿ ಕನ್ನಡಿ ನೋಡಿದಳು. ಅಳತೆ ತೆಗೆದು ಹಾಕಿದ ಹಾಗೆ ಕೂತಿತ್ತು.

"ಅವ್ವಾ, ಇದು ನನಗ ಹಾಕೀದೇನು?"

"ಬಿಚ್ಚು ಬೇ, ನನಗ ಮೊದಲೇ ತಲಿ ಕೆಟ್ಟದ."

"ಬಿಚ್ಚಂಗಿಲ್ಲ. ಬದ್ಲಿಗೆ ನಂದು ಕೊಡ್ತೀನಿ" ಎಂದು ಒಳಗೆ ಓಡಿದಳು. ಬರುವಾಗ ಕೈಯಲ್ಲಿ ಅವಳು ಆಟದ ಹುಣಸೆಬೀಜ ತುಂಬಿಡುವ ಹಳದಿ ಚೀಲ ಇತ್ತು. ಬೀಜಗಳನ್ನು ನೆಲದ ಮೇಲೆ ಸುರಿದು ಚೀಲ ಕೊಡವಿ ಅವ್ವನ ತೊಡೆಯ ಮೇಲೆ ಹಾಕಿದಳು.

ಅದು ಚೀಲವಾಗಿರಲಿಲ್ಲ. ಒಂಬತ್ತು ವರ್ಷದ ಹಿಂದಿನ ಕುಲಾವಿ. ಕೊನೆಯ ಕುಣಿಕೆಯಲ್ಲಿ ತುಕ್ಕು ಹಿಡಿದ ಪಿನ್ನು ಹಾಗೇ ಇತ್ತು. ಸೌಭಾಗ್ಯ ಅದನ್ನು ತಿರುಗಿಸಿ ನೋಡಿದಳು. ಚೊಚ್ಚಲ ಬಸುರಿ ಹೆದರಿ ಹೆದರಿ ಹಾಕಿದ ಬಿಗಿ ಬಿಗಿ ಕಣ್ಣು. ಮುಂದಿನ ಎರಡು ಸುತ್ತು ಮತ್ತು ಲಾಡಿ, ಅಷ್ಟೇ ಬಾಕಿ. ತಂಬಿಗೆಯ ಮೇಲೆ ಇಟ್ಟಳು. ಅದು ತಂಬಿಗೆಯ ಹೊಟ್ಟೆಯನ್ನು ಅಪ್ಪಿಕೊಂಡು ಕೂತಿತು.

"ದೇವದುರ್ಗ ಮುಟ್ಟಾಕ ಎಷ್ಟು ಹೊತ್ತು ಬೇಕ್ರಿ, ಅತ್ತಿ?"

"ನಿನ್ನ ಗಂಡನ ಬಸ್ಸು. ಎರಡು ತಾಸಂತೂ ತಗೊಂಡೇ ತಗೋತಾನ" ಎಂದರು ಯಮನಮ್ಮ, ಆಗಲೇ ಚಪ್ಪಲಿ ಮೆಟ್ಟುತ್ತ.

ಕುಲಾವಿಯನ್ನು ಸೋಪಿನ ನೀರಿನಲ್ಲಿ ಹಿಂಡಿ, ಬಸ್ಸಿನ ಕಿಟಕಿಯ ಸರಳಿಗೆ ಕಟ್ಟಿದರು. ಊರು ದಾಟಿ ಗದ್ದೆಗಳು ಬರುವಷ್ಟರಲ್ಲಿ ಬಿಸಿಲು, ಗಾಳಿ ಎರಡೂ ಸೇರಿ ಅದನ್ನು ಗರಿಗರಿ ಒಣಗಿಸಿದವು. ಹಳದಿ ನೂಲು ಎಲ್ಲಿಂದ ತರುವುದು? ಉಳಿದಿದ್ದ ಗುಲಾಬಿಯಿಂದಲೇ ಅಂಚು ಶುರುಮಾಡಿದಳು. ಪಿನ್ನು ಕೀಳಲು ಯಮನಮ್ಮ ಹಲ್ಲು ಬಳಸಬೇಕಾಯಿತು.

ಹನುಮಂತರಾಯ ಟಿಕೆಟ್ ಕೊಡುತ್ತ ಬಂದ. ಅವ್ವ, ಹೆಂಡತಿ, ಮಗಳು ಮೂವರನ್ನೂ ಅಪರಿಚಿತರಂತೆ ನೋಡಿದ. "ಮೂರು ಹೆಣ್ಮಕ್ಕಳು, ಮೂರು ಝೀರೋ ಟಿಕೆಟ್. ಈ ಉಲ್ಲನ್ ಉಂಡಿ ಗಂಡೋ ಹೆಣ್ಣೋ?"

"ಸುಮ್ನ ಹೋಗ್ರಿ, ಎಣಿಕಿ ತಪ್ತದ."

ಸಿರವಾರ ದಾಟಿದ ಮೇಲೆ ರಸ್ತೆ ಕುಣಿಯಲು ಶುರುವಾಯಿತು. ಒಂದು ಕುಲುಕಿಗೆ ಉಂಡೆ ಸೌಭಾಗ್ಯಳ ಮಡಿಲಿನಿಂದ ನೆಗೆದು ಸೀಟುಗಳ ಕೆಳಗೆ ಉರುಳಿ ಡ್ರೈವರ್ ತನಕ ಹೋಯಿತು. "ಕಾಲೆತ್ರಿ, ಕಾಲೆತ್ರಿ" ಎಂದು ಯಮನಮ್ಮ ಕೂಗಿದರು. ಇಡೀ ಬಸ್ಸು ಕಾಲು ಎತ್ತಿತು. ಕೊನೆಗೆ ಮುಂದಿನ ಸೀಟಿನ ಅಜ್ಜ ಒಬ್ಬರು ಉಂಡೆಯನ್ನು ಎತ್ತಿ, ದೇವದುರ್ಗದವರೆಗೂ ತಮ್ಮ ರುಮಾಲಿನ ಮೇಲೆ ಇಟ್ಟುಕೊಂಡು ಬೇಕಾದಷ್ಟು ನೂಲು ಬಿಡುತ್ತ ಕೂತರು. ನಡುವಿನ ಮೂರು ಸೀಟಿನವರು ನೂಲಿನ ಕೆಳಗೆ ತಲೆ ತಗ್ಗಿಸಿಕೊಂಡೇ ಪ್ರಯಾಣ ಮಾಡಿದರು. ಸೌಭಾಗ್ಯ ಮಾತ್ರ ತಲೆಯೆತ್ತಲಿಲ್ಲ. ಈಗ ಅವಳ ಲೋಕದಲ್ಲಿ ಗಿಳಿ, ಮಫ್ಲರು, ಟೀಪಾಯಿ ಒಂದೂ ಇರಲಿಲ್ಲ.

ವಿನೋದನ ಮನೆ ತಲುಪಿದಾಗ ಒಂದೇ ಲಾಡಿ ಬಾಕಿ. ಒಳಗೆ ತೊಟ್ಟಿಲಿನ ಸುತ್ತ ಹೆಂಗಸರು ಸೇರಿದ್ದರು. ಕೂಸಿಗಿಂತ ಮೊದಲು ತೊಟ್ಟಿಲಿಗೆ ಹೋಗುವುದು ಗುಂಡಕಲ್ಲು. ಅದನ್ನು ಕೂಸಿನಂತೆ ಬಟ್ಟೆಯಲ್ಲಿ ಸುತ್ತಿ, ತೊಟ್ಟಿಲ ಕೆಳಗಿಂದ ಮೇಲಕ್ಕೆ ಕೈ ದಾಟಿಸಿ ಮಲಗಿಸಿ ತೂಗಿದ ಮೇಲೆಯೇ ಕೂಸಿನ ಸರದಿ. ಸವಿತಾ ಮಗುವನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲ ಕಡೆ ನೋಡಿದಳು.

"ವೈನಿ, ಕುಲಾವಿ?"

ಸೌಭಾಗ್ಯಳ ಕೈ ಇನ್ನೂ ಓಡುತ್ತಿತ್ತು. ಯಮನಮ್ಮ ಅವಳ ಮುಂದೆ ಅಡ್ಡ ನಿಂತರು. ಚೀಲದಿಂದ ಬಿಳಿ ಟೋಪಿ ತೆಗೆದು, ಎಲ್ಲರೂ ನೋಡುತ್ತಿರುವಂತೆ ಗುಂಡಕಲ್ಲಿನ ತಲೆಗೆ ಇಟ್ಟರು.

"ಅಂಗಡೀದು ಗುಂಡಪ್ಪಗ ಸಾಕು. ಮೊದಲು ಅವನ್ನ ತೂಗ್ರಿ, ನಿಧಾನಕ್ಕ ತೂಗ್ರಿ. ಹೊಸ ಟೋಪಿ ಹಾಕ್ಯಾನ."

ಹೆಂಗಸರು ನಗುತ್ತ ಕಲ್ಲನ್ನು ತೂಗಿದರು. ಅಷ್ಟು ಹೊತ್ತು, ಅಷ್ಟು ಪ್ರೀತಿಯಿಂದ ಯಾವ ಗುಂಡಕಲ್ಲನ್ನೂ ಯಾರೂ ತೂಗಿರಲಿಕ್ಕಿಲ್ಲ. ಅದನ್ನು ತೊಟ್ಟಿಲಿಂದ ಎತ್ತುವಾಗ ಸೌಭಾಗ್ಯ ಕೊನೆಯ ಕುಣಿಕೆಯೊಳಗಿಂದ ನೂಲು ಎಳೆದು, ಗಂಟು ಬಿಗಿದು, ಹಲ್ಲಿನಿಂದ ಕತ್ತರಿಸಿದಳು.

ಕುಲಾವಿ ಕೂಸಿನ ಕಿವಿ ಮುಚ್ಚಿ, ಹಣೆಯ ಮೇಲೆ ಗುಲಾಬಿ ಗೆರೆ ಎಳೆದ ಹಾಗೆ ಕೂತಿತು. ಸವಿತಾ ಬೆರಳಿನಿಂದ ಅಂಚು ಸವರಿದಳು. "ಹಳದಿ ಬ್ಯಾರೆ, ಗುಲಾಬಿ ಬ್ಯಾರೆ. ಎಷ್ಟು ಚಂದ ಆಗ್ಯದ. ಎಷ್ಟು ದಿನ ಹಿಡೀತು, ವೈನಿ?"

"ಒಂಬತ್ತು ವರ್ಷ" ಎಂದಳು ಸೌಭಾಗ್ಯ.

ಸವಿತಾ ಅದನ್ನು ತಮಾಷೆ ಎಂದುಕೊಂಡು ನಕ್ಕಳು. ಸೌಭಾಗ್ಯ ಬಗ್ಗಿ ಕೂಸಿನ ಕಿವಿಯ ಮೇಲಿನ ಅಂಚನ್ನು ಕೊಂಚ ಸರಿಸಿ, "ಸಿಂಚನಾ" ಎಂದು ಮೂರು ಸಲ ಉಸುರಿದಳು. ಪದ್ಧತಿಯಂತೆ ಹಿಂದಿನಿಂದ ಹೆಂಗಸರ ಗುದ್ದುಗಳು ಬೆನ್ನಿಗೆ ಬಿದ್ದವು. ಎಲ್ಲಕ್ಕಿಂತ ಜೋರಾದದ್ದು ಅತ್ತೆಯದು ಎಂದು ನೋಡದೆಯೇ ಗೊತ್ತಾಯಿತು.

ಊಟಕ್ಕೆ ಕೂತಾಗ, ಸೆಖೆಯಲ್ಲೂ ಗುಲಾಬಿ ಕುಲಾವಿ ಬಿಚ್ಚದ ಜ್ಯೋತಿ ಪಕ್ಕಕ್ಕೆ ಬಂದು ಕೇಳಿದಳು. "ಅವ್ವಾ, ಇನ್ನ ನನ್ನ ಹುಣಸಿಬೀಜ ಎದರಾಗ ಇಡ್ಲಿ?"

"ಅದಕ್ಕೇನು, ನಾಳಿಗೆ ಒಂದು ಚೀಲ ಶುರು..."

ಯಮನಮ್ಮ ಹೋಳಿಗೆಯಿಂದ ತಲೆಯೆತ್ತಿ ನೋಡಿದರು.

ಜ್ಯೋತಿ ಅಜ್ಜಿಯ ಮುಖ ನೋಡಿದಳು, ಅವ್ವನ ಮುಖ ನೋಡಿದಳು. "ಬ್ಯಾಡ ಬಿಡವ್ವಾ. ಡಬ್ಬಿ ಅದ" ಎಂದಳು.