ಎರಡನೆಯ ಗುರುತು

ಅವಳು ತನ್ನ ಗುರುತುಗಳನ್ನು ಗಂಡನ ಗುರುತುಗಳ ಮೇಲಿಟ್ಟು ನೋಡಿದಳು. ಪರದೆಯ ಮೇಲೆ ಕೆಂಪು ಚುಕ್ಕಿಗಳು ನೀಲಿ ಚುಕ್ಕಿಗಳ ಮೇಲೆ ಸರಿಯಾಗಿ ಕೂತವು. ಕೂರಬಾರದಿತ್ತು. ಜ್ವರದಲ್ಲಿ ಕೆಲಸ ಮಾಡಿದ ದಿನ ಅವಳು ಕಣ್ತಪ್ಪಿ ಹಿಂದಿನ ತಿಂಗಳ ಚಿತ್ರವನ್ನೇ ತೆರೆದು ಗುರುತು ಹಾಕಿದ್ದಳು. ಅದು ಈಗಷ್ಟೇ ಅವಳಿಗೆ ತಿಳಿದಿತ್ತು. ಗಂಡ ತೆರೆದದ್ದು ಈ ತಿಂಗಳ ಚಿತ್ರ. ಅದರಲ್ಲಿ ಅವನು ಗುರುತಿಟ್ಟ ಜಾಗದಲ್ಲಿ ಏನೂ ಇರಲಿಲ್ಲ.

ಅವರ ಕೆಲಸ ಹೇಳುವುದಕ್ಕೆ ಸುಲಭ. ಬಹುದೂರದ ಒಂದು ಗೆಲಾಕ್ಸಿ. ಅದರ ನಡುವಿನ ಕಪ್ಪುಕುಳಿ ಸಿಕ್ಕಿದ್ದನ್ನೆಲ್ಲ ಎಳೆದುಕೊಳ್ಳುತ್ತದೆ, ನುಂಗಲಾಗದ್ದು ಧಾರೆಯಾಗಿ ಹೊರಗೆ ಚಿಮ್ಮುತ್ತದೆ. ಭೂಮಿಯ ಮೇಲೆ ಒಂದಕ್ಕೊಂದು ದೂರದಲ್ಲಿ ನಿಂತ ರೇಡಿಯೋ ದೂರದರ್ಶಕಗಳು ಒಟ್ಟಿಗೆ ಅದಕ್ಕೆ ಕಿವಿಗೊಟ್ಟರೆ ಒಂದು ಮಸುಕು ಚಿತ್ರ ಮೂಡುತ್ತದೆ. ಧಾರೆಯಲ್ಲಿ ಅಲ್ಲಲ್ಲಿ ಬೆಳಕಿನ ಗಂಟುಗಳು. ಅವು ತಿಂಗಳಿಂದ ತಿಂಗಳಿಗೆ ಎಷ್ಟು ಸರಿದವು ಎಂದು ಅಳೆಯಬೇಕು. ಆದರೆ ಆ ಮಸುಕಿನಲ್ಲಿ ಕಣ್ಣು ತನಗೆ ಬೇಕಾದದ್ದನ್ನೇ ಕಾಣುತ್ತದೆ. ಅದಕ್ಕೇ ಇಬ್ಬರು, ಒಬ್ಬರದನ್ನೊಬ್ಬರು ನೋಡದೆ, ಗುರುತು ಹಾಕಬೇಕು. ಎರಡೂ ಹೊಂದಿದರೆ ಮಾತ್ರ ಲೆಕ್ಕಕ್ಕೆ.

ವರ್ಷಗಳಿಂದ ಇವರದು ಹೊಂದುತ್ತಲೇ ಬಂದಿತ್ತು. ಸಂಸ್ಥೆಯಲ್ಲಿ ಇವರಿಗೆ ಜೋಡೆತ್ತು ಎಂದೇ ಹೆಸರು. "ಅಡುಗೆಗೆ ಉಪ್ಪು ಸಾಕೋ ಬೇಕೋ ಅನ್ನೋದರಲ್ಲಿ ಒಪ್ಪದ ಗಂಡಹೆಂಡ್ತಿ ಗಂಟಿನ ವಿಷಯದಲ್ಲಿ ಮಾತ್ರ ಒಪ್ತಾರೆ ನೋಡಿ," ಎಂದು ಮುಖ್ಯಸ್ಥರು ಸಭೆಯಲ್ಲಿ ನಗಿಸುತ್ತಿದ್ದರು. ಆ ಒಪ್ಪಿಗೆಯ ಬಲದಿಂದ ಗಂಡನ ಕೆಲಸ ಕಾಯಂ ಆಗಿತ್ತು. ಅವಳದು ಇನ್ನೂ ವರ್ಷವರ್ಷ ಮುಂದುವರಿಸುವ ತಾತ್ಕಾಲಿಕ ಕೆಲಸ. ಗಂಟುಗಳು ದೂರ ಹೋದಂತೆಲ್ಲ ವೇಗ ಹೆಚ್ಚಿಸಿಕೊಳ್ಳುತ್ತವೆ ಎಂದು ತೋರಿಸುವ ಪ್ರಬಂಧ ಅಚ್ಚಾಗಲಿ, ನಿನ್ನದೂ ಕಾಯಂ ಮಾಡೋಣ ಎಂದು ಮುಖ್ಯಸ್ಥರು ಮಾತು ಕೊಟ್ಟಿದ್ದರು. ಅದನ್ನು ಕಳಿಸುವುದಷ್ಟೇ ಬಾಕಿ ಇತ್ತು.

ಮನೆಗೆ ಬಂದಾಗ ಗಂಡ ಪಾತ್ರೆ ಒರೆಸುತ್ತಿದ್ದ. ಅವಳು ಚಪ್ಪಲಿ ಬಿಡುತ್ತಲೇ ಕೇಳಿದಳು.

"ನನ್ನ ಗುರುತು ನೋಡಿಕೊಂಡು ಹಾಕಿದ್ರಾ?"

ಅವನು ಇಲ್ಲ ಎನ್ನಲಿಲ್ಲ. ಅವಳ ಪಾಸ್‌ವರ್ಡ್ ಅವನಿಗೆ ಗೊತ್ತಿತ್ತು; ಗಂಡನಿಂದ ಮುಚ್ಚಿಡೋದೇನಿದೆ ಎಂದು ಅವಳೇ ಒಮ್ಮೆ ಹೇಳಿಕೊಟ್ಟಿದ್ದಳು.

"ಈ ತಿಂಗಳದ್ದು ಬಿಟ್ಟುಬಿಡೋಣ," ಅಂದ. "ಚಿತ್ರ ಸರಿ ಬಂದಿಲ್ಲ ಅಂದ್ರಾಯ್ತು."

"ಹಿಂದಿನವು?"

ಒರೆಸಿದ ತಟ್ಟೆಯನ್ನೇ ಅವನು ಮತ್ತೆ ಒರೆಸಿದ. "ನಂಗೆ ಯಾವತ್ತೂ ಧೈರ್ಯ ಬಂದಿಲ್ಲ ಕಣೇ. ಎಲ್ಲಿಟ್ರೂ ಸರಿ ಅನ್ಸುತ್ತೆ, ಎಲ್ಲಿಟ್ರೂ ತಪ್ಪು ಅನ್ಸುತ್ತೆ. ನೀನು ತಪ್ಪು ಮಾಡಲ್ಲ ಅನ್ನೋ ನಂಬಿಕೆ."

"ಇದಕ್ಕೆ ನಂಬಿಕೆ ಅಂತ ಬೇರೆ ಹೆಸರು ಇಟ್ರಾ?"

"ಹೇಳಿದ್ರೆ ಕೆಡೋದು ನಿನ್ನ ಕೆಲಸಾನೇ. ಯೋಚನೆ ಮಾಡು."

ಅವಳು ಯೋಚಿಸಿದಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದದ್ದು ಇಷ್ಟು ವರ್ಷ. ಅದನ್ನು ಕಾಣದೆ ಕೂತದ್ದು ತಾನು. ತನ್ನ ಕಣ್ಣಿಗೆ ಇನ್ನೊಂದು ಕಣ್ಣಿನ ಸಾಕ್ಷಿ ಇದೆ ಎಂದುಕೊಂಡಿದ್ದಳು. ಪ್ರತಿ ತಿಂಗಳೂ ಎರಡೂ ಹೊಂದಿದಾಗ ಓಡಿಹೋಗಿ ಅವನಿಗೇ ಹೇಳಿ ಖುಷಿಪಟ್ಟಿದ್ದಳಲ್ಲ. ಕೆಲಸ ಹೋದರೂ ಹೋಗಲಿ, ಸುಳ್ಳಿನ ಕೆಳಗೆ ತನ್ನ ಹೆಸರು ಬೇಡ ಎನಿಸಿತು.

ಮರುದಿನ ಮುಖ್ಯಸ್ಥರು ಬಾಗಿಲು ಮುಚ್ಚಿಸಿ ಎಲ್ಲವನ್ನೂ ಕೇಳಿಸಿಕೊಂಡರು. ಒಳ್ಳೆಯ ಕೆಲಸ ಮಾಡಿದೆ ಎಂದು ಹೊಗಳಿದರು. ಆಮೇಲೆ ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ಹೇಳಿದರು.

"ಒಂದೇ ಮನೆಯವರ ಗುರುತನ್ನ ಎರಡು ಅಂತ ಎಣಿಸಕ್ಕಾಗಲ್ಲಮ್ಮ. ಎಲ್ಲ ಚಿತ್ರಕ್ಕೂ ಮತ್ತೆ ಹಾಕಿಸಬೇಕು. ಒಬ್ಬ ಅವನು, ಇನ್ನೊಬ್ಬರು ಹೊಸಬರು."

"ನೋಡಿಕೊಂಡು ಹಾಕಿದ್ದು ಅವರು ಸಾರ್. ನಾನಲ್ಲ."

"ನಾನೆಲ್ಲಿ ಅಲ್ಲ ಅಂದೆ? ಆದ್ರೆ ಅವನು ಕಾಯಂ. ತೆಗೀಬೇಕು ಅಂದ್ರೆ ವಿಚಾರಣೆ, ಸಂಸ್ಥೆ ಹೆಸರು ಬೀದಿಗೆ. ನಿನ್ನದಾದ್ರೆ ಈ ಸಲ ಮುಂದುವರಿಸದೇ ಇದ್ರೆ ಮುಗೀತು."

"ನಾನು ಹಾಕಿದ ಗುರುತುಗಳು?"

"ನೀನೇ ಹೇಳ್ದೆಯಲ್ಲ, ತಪ್ಪು ಚಿತ್ರ ತೆಗ್ದೆ ಅಂತ. ಹೇಗಮ್ಮ ನಂಬೋದು?"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅವಳು ಮೇಜಿನ ಮೇಲಿದ್ದ ತನ್ನ ಲೋಟ, ಕನ್ನಡಕದ ಡಬ್ಬಿ, ಕುರ್ಚಿಯ ಮೇಲಿನ ಸ್ವೆಟರ್ ತೆಗೆದುಕೊಂಡು ಹೊರಟಳು. ಪಕ್ಕದ ಕೋಣೆಯವರು ಪಾಪ ಎಂದರು. ಗಂಡನೂ ಎಂದ. ಅವನು ಪಾಪ ಎಂದದ್ದನ್ನು ಅವಳು ಕ್ಷಮಿಸಲಿಲ್ಲ.

ಮುಂದಿನ ತಿಂಗಳು, ಬಟ್ಟೆ ಒಣಗಿಸುತ್ತಿದ್ದಾಗ ಫೋನ್ ಬಂತು. ಗಂಡನ ದನಿ ತಗ್ಗಿತ್ತು.

"ಹೊಸ ಚಿತ್ರ ಬಂದಿದೆ. ನಿನ್ನ ಫೋನಿಗೆ ಹಾಕಿದೀನಿ. ಸುಮ್ನೆ ಒಂದ್ಸಲ ನೋಡೇ. ಮೂರನೇ ಗಂಟು ಎಲ್ಲಿದೆ ಅಂತ ನಿಂಗನ್ಸುತ್ತೆ?"

ಅವಳು ಒದ್ದೆ ಕೈ ಒರೆಸಿಕೊಂಡು ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿದಳು. ನೋಡಿದ ಕೂಡಲೇ ಕಂಡಿತು. ಮೂರನೆಯ ಗಂಟು ಎರಡಾಗಿ ಒಡೆದಿತ್ತು. ಸಣ್ಣದು ದೊಡ್ಡದನ್ನು ಹಿಂದೆ ಬಿಟ್ಟು ತುಂಬ ಮುಂದೆ ಹೋಗಿತ್ತು. ಇಷ್ಟು ವರ್ಷಗಳಲ್ಲಿ ಹೀಗೆ ಒಮ್ಮೆಯೂ ಆಗಿರಲಿಲ್ಲ.

"ಏನೂ ಗೊತ್ತಾಗ್ತಿಲ್ಲ ರೀ," ಅಂದಳು.

"ಸರಿಯಾಗಿ ನೋಡೇ..."

"ನೋಡಿದೆ. ಬರೀ ಮಸುಕು."

ಅವನು ಫೋನ್ ಇಟ್ಟ. ಬಕೆಟ್ಟಿನಲ್ಲಿ ಇನ್ನೂ ಅರ್ಧ ಬಟ್ಟೆ ಹಿಂಡದೆ ಬಿದ್ದಿತ್ತು. ಅವಳು ಅದರ ಪಕ್ಕದಲ್ಲೇ ನೆಲಕ್ಕೆ ಕೂತು ಚಿತ್ರ ನೋಡುತ್ತಿದ್ದಳು. ಪರದೆ ಆರಿಹೋಗಲು ಹೊರಟಾಗಲೆಲ್ಲ ಬೆರಳು ತಾಗಿಸಿ ಮತ್ತೆ ಹೊತ್ತಿಸುತ್ತಿದ್ದಳು.