ಎಡೆಯ ಮುಂದಿನ ದಪ್ಪ ದನಿ

ಕರಿಬಸಪ್ಪ ಸತ್ತು ಒಂಬತ್ತು ವರ್ಷವಾಗಿತ್ತು. ಆದರೂ ಪ್ರತಿ ವರ್ಷ ಹಿರಿಯರ ಹಬ್ಬವಾದ ಮಾನಾಮಿ ಅಮಾಸಿಗೆ ಮಸ್ಕಿಯ ತನ್ನ ಮನೆಗೆ ಬಂದು, ಹಾಡಿ, ಹೋಳಿಗೆ ಉಂಡು ಹೋಗುತ್ತಿದ್ದ. ಹಾಗೆಂದು ಅವನ ಹೆಂಡತಿ ವೀರಭದ್ರಮ್ಮ ಓಣಿಗೆಲ್ಲ ಹೇಳುತ್ತಿದ್ದಳು. ಓಣಿ ನಂಬದಿದ್ದರೆ ಓಣಿಗೇ ನಷ್ಟ.

ಅವನು ಬರುತ್ತಿದ್ದುದು ರೆಕಾರ್ಡಿನಲ್ಲಿ. ಮದುವೆಗಳಿಗೆ ಮೈಕ್‌ಸೆಟ್ ಹಚ್ಚುತ್ತಿದ್ದ ಕರಿಬಸಪ್ಪ, ಪ್ರಾಯದಲ್ಲಿ ಭಜನೆ ಮೇಳದ ಜೊತೆ ಹೈದರಾಬಾದಿಗೆ ಹೋಗಿ ಒಂದೇ ಒಂದು ರೆಕಾರ್ಡ್ ಮಾಡಿಸಿಕೊಂಡು ಬಂದಿದ್ದ. ಮುಂದೆ ನಿಂತು ಹಾಡಿದವನು ಯಮನೂರಪ್ಪ. ಹಿಂದಿನಿಂದ ಎತ್ತಿಕೊಂಡವರು ಮೂವರು. ಅವರಲ್ಲಿ ದಪ್ಪ ದನಿ ಕರಿಬಸಪ್ಪನದು. ಎಷ್ಟು ದಪ್ಪವೆಂದರೆ, ಅವನು ಮಸ್ಕಿಯಲ್ಲಿ ಬಾಯಿ ತೆರೆದರೆ ಲಿಂಗಸುಗೂರಿನಲ್ಲಿ ಅಡುಗೆಮನೆಯ ತಾಟುಗಳು ನಡುಗುತ್ತಿದ್ದವು.

"ಎಮ್ಮಿ ಒದರಿದಂಗ ಒದರ್ತೀರಿ" ಎಂದು ವೀರಭದ್ರಮ್ಮ ನಲವತ್ತು ವರ್ಷ ಅವನನ್ನು ಕಾಡಿಸಿದಳು. ಚಲೋ ಹಾಡಿದಿರಿ ಎಂದು ಒಂದು ದಿನವೂ ಅನ್ನಲಿಲ್ಲ. ಅಂದರೆ ಗಂಡ ಉಬ್ಬಿ ಬಾಗಿಲಲ್ಲಿ ಹಿಡಿಸುವುದಿಲ್ಲ ಎಂಬ ಚಿಂತೆ ಅವಳದು.

ಅಮಾಸಿ ದಿನ ಹಿರಿಯರಿಗೆ ಎಡೆ ಇಟ್ಟು, ಬಾಗಿಲು ಮುಚ್ಚಿ, ಮನೆಯವರೆಲ್ಲ ಹೊರಗೆ ಕೂರಬೇಕು. ಉಣ್ಣುವವರನ್ನು ನೋಡಬಾರದು. ಆ ಹೊತ್ತಿಗೆ ರೆಕಾರ್ಡ್ ಹಚ್ಚುವುದು ಈ ಮನೆಯೊಂದರದೇ ಪದ್ಧತಿ. ಕರಿಬಸಪ್ಪನ ದನಿ ಕೇಳಿದ ಮೇಲೆಯೇ ಬಾಗಿಲು ತೆಗೆಯುವುದು, ಎಡೆ ಎತ್ತುವುದು, ಉಳಿದವರು ಉಣ್ಣುವುದು.

ಈ ವರ್ಷ ಯಮನೂರಪ್ಪ ಹಾಡಿದ. ಹಿಂದಿನವರಲ್ಲಿ ಇಬ್ಬರು ಎತ್ತಿಕೊಂಡರು. ಕರಿಬಸಪ್ಪ ಹಾಡಲಿಲ್ಲ.

"ಶಿವಕುಮಾರಿ, ಇನ್ನೊಮ್ಮಿ ಹಚ್ಚಬೇ" ಎಂದಳು ವೀರಭದ್ರಮ್ಮ.

ಸೊಸೆ ಒಳಗೆ ಹೋಗಿ ಹಚ್ಚಿ ಬಂದಳು. ತಗಡಿನ ಡಬ್ಬಿಯಲ್ಲಿ ಸಿಕ್ಕಿಬಿದ್ದ ಸೊಳ್ಳೆಗಳಂತೆ ದನಿಗಳು ಹಳ್ಳದ ಆಚೆಯಿಂದ ಬಂದ ಹಾಗೆ ಕೇಳುತ್ತಿದ್ದವು. ತಾಳ ಇತ್ತು. ಯಮನೂರಪ್ಪನ ಮೂಗುದನಿ ಇತ್ತು. ದಪ್ಪ ದನಿ ಇರಬೇಕಾದಲ್ಲಿ ಏನೂ ಇರಲಿಲ್ಲ. ಊಟದ ಪಂಕ್ತಿಯಿಂದ ಒಬ್ಬ ಎದ್ದುಹೋದ ಜಾಗದ ಹಾಗೆ.

ವೀರಭದ್ರಮ್ಮ ಬಾಗಿಲ ಕಡೆ ತಿರುಗಿದಳು. "ಎದ್ದು ಹೋಗ್ಯಾರ."

"ಯಾರತ್ತೀ?"

"ನಿಮ್ಮ ಮಾವ. ನಾ ಡಬ್ಬಿ ಕೊಟ್ಟೆನಲ್ಲ, ಸಿಟ್ಟಾಗ್ಯಾರ."

ಡಬ್ಬಿ ಎಂದರೆ ಕರಿಬಸಪ್ಪನ ಹಳೆಯ ಆಂಪ್ಲಿಫೈಯರ್. ಎತ್ತಬೇಕಾದರೆ ಎರಡು ಜೋಡಿ ಎತ್ತು ಕಟ್ಟಬೇಕು, ಅಷ್ಟು ಭಾರ. ಬದುಕಿರುವ ತನಕ ಅದರ ಮೇಲಿನ ಧೂಳನ್ನೂ ಅವನು ಯಾರಿಗೂ ಒರೆಸಗೊಟ್ಟವನಲ್ಲ. ಹಬ್ಬಕ್ಕೆ ಮನೆ ಸಾರಿಸುವಾಗ ವೀರಭದ್ರಮ್ಮ ಅದನ್ನು ಗುಜರಿಯವನಿಗೆ ಕೊಟ್ಟು ಒಂದು ಪ್ಲಾಸ್ಟಿಕ್ ಬುಟ್ಟಿ ತಗೊಂಡಿದ್ದಳು. ಹಟ್ಟಿ ಗಣಿಯಲ್ಲಿ ಕೆಲಸ ಮಾಡುವ ಮಗ ಸಂಗನಬಸವ ಆದಿತ್ಯವಾರ ಬಂದವನು, ಪ್ಲೇಯರಿನ ವಯರನ್ನು ನೆಟ್ಟಗೆ ಹೊಸ ಸ್ಪೀಕರಿಗೆ ಸಿಗಿಸಿ, "ಹಾಡ್ತದ ಬಿಡವಾ" ಎಂದು ಹೇಳಿ ಪಾಳಿಗೆ ಹೋಗಿದ್ದ.

"ಅತ್ತೀ, ಹೋಳಿಗಿ ಆರಾಕತ್ತಾವ. ನನಗಂತೂ ಕಣ್ಣಿಗೆ ಕತ್ತಲ ಬಂದೈತಿ. ಎಡಿ ಎತ್ತೂಣು."

"ಅವ್ರು ಉಂಡಿಲ್ಲ, ನಾವು ಹೆಂಗ ಉಣ್ಣೋದು? ಒಂದು ದಿನ ಉಪಾಸ ಇದ್ರ ಸೊರಗಿ ಕಡ್ಡಿ ಆಗ್ತೀಯೇನು? ಬಾಗಲಕ್ಕ ಕೀಲಿ ಹಾಕು, ನಡಿ."

ಅಮಾಸಿ ದಿನ ಊರು ಬಿಡಬಾರದು ಎಂದು ನಾಲ್ಕು ಮಂದಿ ಹೇಳಿದರು. ವೀರಭದ್ರಮ್ಮ ಕೇಳಲಿಲ್ಲ. ರೆಕಾರ್ಡನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಸೊಸೆಯ ಜೊತೆ ಸಿಂಧನೂರಿನ ಬಸ್ಸಿನಲ್ಲಿ ಕೂತಳು. ಆ ಡಬ್ಬಿಯನ್ನು ಕೈಯಾರೆ ಮಾಡಿಕೊಟ್ಟವರು ಅಲ್ಲಿಯ ಮೈಕ್ ಅಂಗಡಿಯ ಇಸ್ಮಾಯಿಲ್‌ಸಾಬ್. ಈಗ ಅವರಿಲ್ಲ; ಅಂಗಡಿಯಲ್ಲಿ ಮಗ ಇಶ್ತಿಯಾಕ್ ಕೂರುತ್ತಾನೆ. ಅವನಿಗೂ ಈಗ ತಲೆ ನೆರೆತಿದೆ.

ಇಶ್ತಿಯಾಕ್ ಎಲ್ಲ ಕೇಳಿಕೊಂಡು ನಕ್ಕ. "ಯವ್ವಾ, ಮಾವ ಎಲ್ಲಿಗೂ ಹೋಗಿಲ್ಲ. ಈ ರೆಕಾರ್ಡಿನ ಗೆರಿಯೊಳಗ ಅದಾರ."

"ಅದಾರ ಅಂದ್ರ ಯಾಕ ಹಾಡವಲ್ರು?"

"ರೆಕಾರ್ಡ್ ಕೊರಿಯೋವಾಗ ದಪ್ಪ ದನಿ ಇದ್ದಷ್ಟೇ ಕೊರದ್ರ ಗೆರಿ ಅಗಲಾಗಿ ಬಾಜೂದ ಗೆರಿಗೆ ಹಾಯ್ತದ. ಅದಕ್ಕ ದಪ್ಪ ದನಿ ಕುಗ್ಗಸ್ತಾರ, ಸಣ್ಣ ದನಿ ಎತ್ತರಸ್ತಾರ. ಹಚ್ಚೋವಾಗ ಅದನ್ನ ತಿರುಗಿ ಮೊದಲಿನಂಗ ಮಾಡಬೇಕು. ಸೂಜಿಯಿಂದ ಬರೋ ದನಿ ಇರುವಿ ಉಸಿರಿನಷ್ಟ ಇರ್ತದ, ಅದನ್ನೂ ಎತ್ತಬೇಕು. ಈ ಎರಡೂ ಕೆಲಸ ಮಾಡೋದು ಫೋನೊ ಪ್ರೀಆಂಪ್. ನಮ್ಮ ಅಬ್ಬಾ ಅದನ್ನ ಆ ಡಬ್ಬಿ ಒಳಗ ಕೂಡ್ಸಿದ್ರು. ಹೊಸ ಸ್ಪೀಕರಿನ್ಯಾಗ ಅದು ಇಲ್ಲ."

"ಅಂದ್ರ ನಮ್ಮವ್ರನ್ನ ಟ್ರಂಕಿನ್ಯಾಗಿನ ಸೀರಿಗತೆ ಮಡಚಿ ಇಟ್ಟಾರೇನು?"

"ಹಂಗ ತಿಳ್ಕೋ. ಬಿಚ್ಚವರು ಬೇಕು."

"ಬಿಚ್ಚಲಿಲ್ಲಂದ್ರ?"

"ಮಡಚಿದಂಗ ಇರ್ತಾರ."

 ಬುಟ್ಟಿಯ ಆಸೆಗೆ ಅವಳು ಗಂಡನನ್ನು ಬಿಚ್ಚುವ ಕೈಯನ್ನೇ ಗುಜರಿಗೆ ಹಾಕಿದ್ದಳು.

ಇಶ್ತಿಯಾಕ್ ಬೆಂಕಿಪೊಟ್ಟಣದ ತಮ್ಮನಂಥ ಒಂದು ಪ್ರೀಆಂಪ್ ಪೆಟ್ಟಿಗೆ ತೆಗೆದ. "ಇಲ್ಲೇ ಹಚ್ಚಿ ನೋಡೂಣೇನು?"

"ಬ್ಯಾಡಪ್ಪ. ಎಡಿ ಅಲ್ಲೈತಿ. ಇಲ್ಲಿಗೆ ಬಂದು ಏನು ಉಣ್ಣಬೇಕು ಅವ್ರು, ನಿನ್ನ ಸ್ಕ್ರೂ?"

ಇಶ್ತಿಯಾಕನಿಗೆ ಲಿಂಗಸುಗೂರಿನಲ್ಲಿ ಒಂದು ಮೈಕಿನ ಕೆಲಸವಿತ್ತು, ದಾರಿ ಮಸ್ಕಿಯ ಮೇಲೆಯೇ. ಅವನೂ ಜೊತೆಗೆ ಹೊರಟ.

ಮನೆ ಮುಟ್ಟುವಾಗ ಬಿಸಿಲು ಇಳಿಯುತ್ತಿತ್ತು. ಎಡೆ ಇಟ್ಟಂತೆಯೇ ಇತ್ತು. ಹೋಳಿಗೆಯ ಮೇಲಿನ ತುಪ್ಪ ಗಟ್ಟಿಯಾಗಿತ್ತು. ಇಶ್ತಿಯಾಕ್ ಪ್ಲೇಯರಿಗೂ ಸ್ಪೀಕರಿಗೂ ನಡುವೆ ಪೆಟ್ಟಿಗೆ ಹಚ್ಚಿ ಸ್ವಿಚ್ ಒತ್ತಿದ.

ಮ್ಮ್ಮ್... ಎಂದಿತು ಸ್ಪೀಕರು.

ವೀರಭದ್ರಮ್ಮ ನಿಂತಲ್ಲೇ ಕಲ್ಲಾದಳು. ಹಾಡುವ ಮೊದಲು ಶ್ರುತಿ ಹಿಡಿಯಲು ಕರಿಬಸಪ್ಪ ಹೀಗೆಯೇ ಬಾಯಿ ಮುಚ್ಚಿಕೊಂಡು ಗುನುಗುತ್ತಿದ್ದ.

"ಬಂದ್ರು!"

"ಕರೆಂಟಿನ ಗುಂಯ್ ಯವ್ವಾ ಅದು. ಅರ್ಥ್ ತಂತಿ ಹಚ್ಚಿಲ್ಲಲ್ಲ." ಅವನು ಪ್ಲೇಯರಿನ ಸಣ್ಣ ತಂತಿಯನ್ನು ಪೆಟ್ಟಿಗೆಗೆ ಬಿಗಿದ. ಗುಂಯ್ ತಟ್ಟನೆ ನಿಂತಿತು. ಅವಳ ಮುಖ ಸಪ್ಪಗಾಯಿತು.

ಸೂಜಿ ಇಟ್ಟು, ಬಾಗಿಲು ಮುಚ್ಚಿ, ಮೂವರೂ ಹೊರಗೆ ಕೂತರು. ಯಮನೂರಪ್ಪ ಶುರು ಮಾಡಿದ. ಈಗ ಅವನು ಹಳ್ಳದಾಚೆ ಇರಲಿಲ್ಲ, ನಡುಮನೆಯಲ್ಲೇ ಇದ್ದ. ಅವನ ಹಿಂದೆ, ನೆಲದ ಒಳಗಿನಿಂದ ಎದ್ದಂತೆ, ದಪ್ಪ ದನಿ ಬಂತು. ಕಟ್ಟೆ ನಡುಗಿತು. ವೀರಭದ್ರಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. 

ಹಾಡು ಮುಗಿದು ಎಲ್ಲ ಸ್ತಬ್ಧವಾಯಿತು. ಅವಳು ಚಿಲಕಕ್ಕೆ ಕೈ ಹಾಕಿದಳು.

ಒಳಗೆ, ಮ್ಮ್ಮ್...

"ತಂತಿ ಸಡ್ಲಾಗೈತಿ ನೋಡು" ಎಂದು ಇಶ್ತಿಯಾಕ್ ಎದ್ದ.

ಶಿವಕುಮಾರಿ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ ಪಡಸಾಲೆಯ ಫ್ಯಾನಿನ ಕಡೆ ನೋಡಿದಳು. ಅದು ತಿರುಗುತ್ತಿರಲಿಲ್ಲ. "ಅಣ್ಣಾ, ಹಾಡು ಮುಗಿಯಾಕೂ ಕರೆಂಟ್ ಹೋಗಾಕೂ ಸರಿ ಆತಲ್ಲ" ಎಂದಳು.

ಇಶ್ತಿಯಾಕ್ ಎದ್ದವನು ಕೂರಲಿಲ್ಲ, ಮುಂದೆಯೂ ಹೋಗಲಿಲ್ಲ. ಓಣಿಯಲ್ಲಿ ಒಂದು ಮಿಕ್ಸರ್ ಸದ್ದಿಲ್ಲ, ಒಂದು ಟೀವಿ ಸದ್ದಿಲ್ಲ. ಒಳಗೆ ಮಾತ್ರ ಯಾರೋ ಬಾಯಿ ಮುಚ್ಚಿಕೊಂಡು ಗುನುಗುತ್ತಲೇ ಇದ್ದರು.

ವೀರಭದ್ರಮ್ಮ ಬಾಗಿಲಿಗೆ ಹಣೆ ಹಚ್ಚಿದಳು. ಹಲಗೆ ಸಣ್ಣಗೆ ನಡುಗುತ್ತಿತ್ತು.

"ಹಾಡಿದ್ರಿ, ಉಂಡ್ರಿ. ಇನ್ನೇನು ಕಾಯಾಕತ್ತೀರಿ?"

ಗುನುಗು ನಿಲ್ಲಲಿಲ್ಲ.

"ಡಬ್ಬಿ ಕೊಟ್ಟಿದ್ದು ತಪ್ಪಾತು."

ನಿಲ್ಲಲಿಲ್ಲ.

ಏನು ಬೇಕೆಂದು ಅವಳಿಗೆ ಗೊತ್ತಿತ್ತು. ನಲವತ್ತು ವರ್ಷ ಗೊತ್ತಿತ್ತು. ಸೊಸೆ, ಪರಗಂಡಸು ಇದ್ದಾರೆಂದು ನಾಚಿ, ಹಲಗೆಗಷ್ಟೇ ಕೇಳುವ ಹಾಗೆ ಅಂದಳು: "ಚಲೋ ಹಾಡ್ತೀರಿ. ಎಮ್ಮಿ ಅಂದದ್ದು ಬರೇ ಸುಳ್ಳು." ಒಂದು ಗಳಿಗೆ ಬಿಟ್ಟು ಸೇರಿಸಿದಳು: "ಇನ್ನ ಉಬ್ಬಬ್ಯಾಡ್ರಿ."

ಹಲಗೆಯ ನಡುಕ ನಿಂತಿತು.

ಬಾಗಿಲು ತೆಗೆದರು. ಇಶ್ತಿಯಾಕ್ ಮೊದಲು ನೋಡಿದ್ದು ತಂತಿ. ಬಿಗಿದಂತೆಯೇ ಇತ್ತು. ವೀರಭದ್ರಮ್ಮ ಎಡೆ ಎತ್ತಿ, ಮೊದಲ ಹೋಳಿಗೆಯನ್ನು ಅವನ ಕೈಗಿಟ್ಟಳು.

"ತಿನ್ನಪ್ಪ. ಕೈ ಯಾಕ ಹಂಗ ನಡಗಾಕತ್ತಾವ?"

ಅವನು ಹೋಳಿಗೆ ಮುರಿದು ಬಾಯಿಗಿಟ್ಟ. ಅವಳ ಕೈಯಲ್ಲಿದ್ದ ತುಪ್ಪದ ಬಟ್ಟಲೂ ತಾಟಿಗೆ ತಾಗಿ ತಾಗಿ ಕಿಣಿಗುಟ್ಟುತ್ತಿತ್ತು.