ಚಟ್ನಿಪುಡಿ ತಿನ್ನಬೇಡಿ ಎಂದರು ಸುಗಂಧಿಯಕ್ಕ

ಬೆಳ್ಮಣ್ಣಿನ ಮಹಿಳಾ ಸಂಘದ ಚಟ್ನಿಪುಡಿ ಎಂದರೆ ಕಟಪಾಡಿ, ಪಡುಬಿದ್ರಿವರೆಗೂ ಹೆಸರು. ಆ ಬುಧವಾರ ಬೆಳಿಗ್ಗೆ ಪುಡಿ ಮಾಡುವ ಯಂತ್ರವನ್ನು ಒರೆಸುತ್ತಿದ್ದ, ಘಟ್ಟದ ಮೇಲಿನಿಂದ ಕೆಲಸಕ್ಕೆ ಬಂದ ರಾಚವ್ವ ಓಡಿ ಬಂದರು.

"ಅಕ್ಕಾರ, ಜಾಲರಿ ಮುರದೈತ್ರಿ! ತಂತಿ ಚೂರು ನಿನ್ನಿ ಪುಡಿಯೊಳಗ ಹೋಗಿರಬೇಕು!"

ಸಂಘದ ಅಧ್ಯಕ್ಷೆ ಸುಗಂಧಿಯಕ್ಕ ಲೆಕ್ಕದ ಪುಸ್ತಕ ತೆರೆದರು. ನಿನ್ನೆಯ ಅರವತ್ತು ಪ್ಯಾಕೆಟ್ ಆಗಲೇ ಅಂಗಡಿ ಸೇರಿದ್ದವು.

"ಯಾರಿಗೂ ಹೇಳುವುದು ಬೇಡ. ಮೆಲ್ಲ ಹೋಗಿ ವಾಪಸ್ ತರುವಾ."

"ಅಂಗಡಿಯಲ್ಲಿ ಇದ್ದದ್ದು ತರಬಹುದು ಅಕ್ಕ. ಮಾರಿ ಹೋದದ್ದು?" ಎಂದರು ಸಂಘದ ಸದಸ್ಯೆ, ಆಶಾ ಕಾರ್ಯಕರ್ತೆ ಕುಶಲಾ.

"ಹನ್ನೆರಡು ವರ್ಷದ ಹೆಸರು ಮಾರಾಯ್ತಿ! ಹೇಳಿದರೆ ಎಂತ ಉಳೀತದೆ?"

"ಮಗುವಿನ ಗಂಟಲಲ್ಲಿ ತಂತಿ ಸಿಕ್ಕಿದರೆ ಉಳೀತದಾ? ನಾವು ಹೇಳದಿದ್ದರೆ ವಾಟ್ಸಾಪಿನಲ್ಲಿ ಯಾರೋ ಹೇಳ್ತಾರೆ, ಒಂದಕ್ಕೆ ಹತ್ತು ಸೇರಿಸಿ. ಗೊತ್ತಿದ್ದದ್ದು ಹೇಳಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತಲೇ ಹೇಳಿ."

ರಾಚವ್ವ ಸೆರಗು ಹಿಡಿದು ಕೇಳಿದರು: "ನನ್ನ ಕೆಲಸಾ ಹೋಗ್ತೈತೇನ್ರಿ?"

ಸುಗಂಧಿಯಕ್ಕನಿಗೆ ನಾಚಿಕೆಯಾಯಿತು. ಈಕೆ ಮುಚ್ಚಿಡಬಹುದಿತ್ತು, ಮುಚ್ಚಿಡಲಿಲ್ಲ. ತಾನು ಅಧ್ಯಕ್ಷೆಯಾಗಿ ಮುಚ್ಚಿಡುವುದೇ?

"ಕುಶಲಾ, ಫೋನು ಹಿಡಿ. ವಿಡಿಯೋ ಮಾಡು!"

"ನಾನು ಬೆಳ್ಮಣ್ಣಿನ ಮಹಿಳಾ ಸಂಘದ ಅಧ್ಯಕ್ಷೆ ಸುಗಂಧಿ. ನಮ್ಮಿಂದ ತಪ್ಪಾಗಿದೆ. ಮಂಗಳವಾರದ ತಾರೀಕಿನ ಚಟ್ನಿಪುಡಿ ತಿನ್ನಬೇಡಿ, ತಂತಿ ಚೂರು ಇರಬಹುದು. ಪ್ಯಾಕೆಟ್ ನಮಗೆ ವಾಪಸ್ ಕಳಿಸಿ. ಎಷ್ಟು ಪ್ಯಾಕೆಟಿನಲ್ಲಿ ಉಂಟು ಅಂತ ಗೊತ್ತಿಲ್ಲ. ತಿಂದವರು ಡಾಕ್ಟರಿಗೆ ತೋರಿಸಿ. ಸಂಜೆ ಐದಕ್ಕೆ ಮತ್ತೆ ಹೇಳ್ತೇನೆ."

ವಿಡಿಯೋ ವಾಟ್ಸಾಪ್ ಗುಂಪುಗಳಿಗೆ ಹೋದ ಮೇಲೆ ಫೋನಿಗೆ ಬಿಡುವೇ ಇಲ್ಲ! ಬೈದವರಿಗೆ ಸುಗಂಧಿಯಕ್ಕ, "ನಿಮ್ಮ ಸಿಟ್ಟು ಸರಿ" ಎಂದರು. ಬಸ್ಸಿನಲ್ಲಿ, ಆಟೋದಲ್ಲಿ ಪ್ಯಾಕೆಟುಗಳು ಬಂದವು. ನಲವತ್ತು... ಐವತ್ತೈದು... ಐವತ್ತೊಂಬತ್ತು. ಇನ್ನೊಂದು ಎಲ್ಲಿ?

ಒಂದೂವರೆಗೆ ಪಡುಬಿದ್ರಿಯಿಂದ ಫೋನು. "ಅಕ್ಕ, ಅನ್ನಕ್ಕೆ ಕಲಸಿ ಮಗಳ ಬಾಯಿಗೆ ಇಡಬೇಕು, ಅಷ್ಟರಲ್ಲಿ ನಿಮ್ಮ ವಿಡಿಯೋ ಬಂತು! ಕೆದಕಿ ನೋಡಿದರೆ ತಂತಿ ಉಂಟು!"

"ಅರುವತ್ತು!" ಸಂಘದ ಕೋಣೆ ಕೂಗಿನಿಂದ ತುಂಬಿತು. ರಾಚವ್ವನನ್ನು ತಬ್ಬಿಕೊಂಡ ಸುಗಂಧಿಯಕ್ಕ ಅಳುತ್ತ ನಕ್ಕರು.

ಐದಕ್ಕೆ ಸರಿಯಾಗಿ ಮತ್ತೆ ವಿಡಿಯೋ: "ಎಲ್ಲವೂ ಸಿಕ್ಕಿತು. ಯಾರಿಗೂ ಏನೂ ಆಗಿಲ್ಲ. ಹೊಸ ಜಾಲರಿ ಹಾಕುವವರೆಗೆ ಕೆಲಸ ನಿಲ್ಲಿಸಿದ್ದೇವೆ. ಮೊದಲು ಕಂಡು ಹೇಳಿದವರು ನಮ್ಮ ರಾಚವ್ವ."

ಮರುದಿನ ಕಟಪಾಡಿಯ ಅಂಗಡಿಯ ಜೇಮ್ಸ್ ಕೇಳಿದರು: "ಹೊಸ ಪುಡಿ ಯಾವಾಗ ಅಕ್ಕ? ಜನ ಕೇಳ್ತಾ ಇದ್ದಾರೆ."

ಓದುಗರೇ, ನಿಮ್ಮ ಸಂಘದಲ್ಲೂ, ಶಾಲೆಯಲ್ಲೂ, ಸೊಸೈಟಿಯಲ್ಲೂ ಒಂದು ದಿನ ಎಡವಟ್ಟು ಆದೀತು. ಆಗ ಬಾಗಿಲು ಹಾಕಿಕೊಳ್ಳಬೇಡಿ. ತಪ್ಪು ಕಂಡು ಹೇಳಿದವರನ್ನು ಗದರಿಸಬೇಡಿ. ಮುಂದೆ ನಿಂತವರೇ ಮೊದಲು ಬಾಯಿ ತೆರೆಯಿರಿ. ನಾಳೆಗೆ ಇಡಬೇಡಿ, ಈಗಲೇ ಹೇಳಿ!